ಪರದೆ ಎಳೆದ ಶನಿವಾರ

ಬೆಲ್ಟಿನ ಮಾತು ಬರುವ ಮೊದಲೇ ಅವಳ ಗಂಡ ನಕ್ಕುಬಿಟ್ಟ.

ಕಥೆ ಹೇಳುತ್ತಿದ್ದವನು ಸೂಟ್‌ಕೇಸ್. ಅದು ಅವನ ಅಡ್ಡಹೆಸರು. ಹಿಂದೆ ಕಂಪ್ಯೂಟರ್ ಕಂಪನಿಯಿಂದ ಯಂತ್ರದ ಸರ್ವಿಸ್‌ಗೆಂದು ವಿಮಾ ಕಚೇರಿಗೆ ಬರುತ್ತಿದ್ದ ಇಂಜಿನಿಯರ್ ಆತ. ಬಂದಾಗಲೆಲ್ಲ ಕೊರಳಲ್ಲಿ ಟೈ, ಕೈಯಲ್ಲಿ ಕಪ್ಪು ಪೆಟ್ಟಿಗೆ. ಕಚೇರಿಯ ಹುಡುಗಿಯರು ಆಗ ಇಟ್ಟ ಹೆಸರು ಅವನ ತಲೆ ಬೋಳಾದ ಮೇಲೂ ಬಿಟ್ಟು ಹೋಗಿರಲಿಲ್ಲ. ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಎಲ್ಲರನ್ನೂ ಹೊರಗೆ ಕಳಿಸಿದೆ. ಗಾಜಿನ ಗೋಡೆಗೆ ಪರದೆ ಎಳೆದೆ. ಪೆಟ್ಟಿಗೆಯಿಂದ ಒಂದು ಸ್ಪ್ಯಾನರ್ ತೆಗೆದೆ..." ಎಂದು ಹೇಳಿ, ಬೇಕೆಂದೇ ಮಾತು ನಿಲ್ಲಿಸಿ, ನೀರಿನ ಲೋಟ ಎತ್ತಿದ. ಅವಳೂ ಮುಂದೇನು ಎಂದು ಕಾಯುತ್ತಿದ್ದಳು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಅವಳ ಗಂಡ, ಬಾಯಲ್ಲಿ ತುತ್ತಿರುವಾಗಲೇ, ಮೂಗಿನಿಂದ ಪುಸಕ್ಕನೆ ನಕ್ಕು, ಕೆಮ್ಮಿ, ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡ.

"ತಡೀರಿ ಸ್ವಾಮಿ, ಇನ್ನೂ ಹೇಳಿಲ್ಲ!" ಎಂದು ಸೂಟ್‌ಕೇಸ್ ಅವನನ್ನು ಗದರಿಸಿ ಮುಂದುವರಿಸಿದ. "ಕಾರ್ಡ್ ಓದೋ ಯಂತ್ರದ ಹಿಂದಿನ ಬಾಗಿಲು ತೆಗೆದೆ. ಒಳಗೆ ಮೋಟಾರಿಗೆ ಎರಡು ಗಾಲಿ. ಒಂದು ಚಿಕ್ಕದು, ಪಕ್ಕದಲ್ಲೇ ಒಂದು ದೊಡ್ಡದು. ಬೆಲ್ಟು ಚಿಕ್ಕದರ ಮೇಲಿತ್ತು. ಎತ್ತಿ ದೊಡ್ಡದರ ಮೇಲೆ ಹಾಕಿದೆ, ಓಟ ಎರಡು ಪಟ್ಟು. ಕಂಪ್ಯೂಟರಿನ ದೊಡ್ಡ ಬೀರುವಿನೊಳಗೆ ಒಂದು ವೈರ್ ಇತ್ತು, ಯಂತ್ರ ನಿಧಾನವಾಗಿ ಓಡಲಿ ಅಂತಾನೇ ನಮ್ಮ ಕಂಪನಿಯವರು ಇಟ್ಟಿದ್ದು. ಅದನ್ನ ಕಿತ್ತೆ. ಬಾಗಿಲು ಮುಚ್ಚಿದೆ. ಹೊಸ ಹೆಸರಿನ ಫಲಕ ಬಡಿದೆ. ಅಷ್ಟೇ! ಅದೇ ನಿಮ್ಮ ಹೊಸ ಕಂಪ್ಯೂಟರ್!"

ಊಟದ ಮೇಜಿನ ಸುತ್ತ ಗೊಳ್ಳೆಂದು ನಗು ಎದ್ದಿತು. ಮನೆ ಯಜಮಾನ, ಕಚೇರಿಯ ಹಳೇ ಕ್ಯಾಷಿಯರ್, ಕಣ್ಣೊರೆಸಿಕೊಳ್ಳುತ್ತಾ, "ಖಾಲಿ ಪೆಟ್ಟಿಗೆಗಳದ್ದು ಬಿಟ್ಟೇಬಿಟ್ರಲ್ಲ ಸಾರ್!" ಎಂದು ಜ್ಞಾಪಿಸಿದ.

"ಅದೂ ಹೇಳ್ತೀನಿ. ದೊಡ್ಡ ದೊಡ್ಡ ಮರದ ಪೆಟ್ಟಿಗೆ ಲಾರಿಯಲ್ಲಿ ತರಿಸಿದ್ದೆ. ಒಳಗೆ ಬರೀ ಮರದ ಹೊಟ್ಟು. ಹೊತ್ತು ತಂದ ಹಮಾಲಿಗಳು ಕೇಳ್ತಾರೆ, ಏನ್ಸಾರ್ ಇದು ಇಷ್ಟು ಹಗುರ? ನಾನಂದೆ, ಎಲೆಕ್ಟ್ರಾನಿಕ್ಸ್ ಅಂದ್ರೆ ಹಾಗೇ ಕಣಪ್ಪಾ, ದುಡ್ಡು ಭಾರ, ವಸ್ತು ಹಗುರ!"

ಮತ್ತೆ ನಗು. ಅವಳ ಪಕ್ಕದಲ್ಲಿ ಕೂತಿದ್ದ ಕ್ಯಾಷಿಯರನ ಹೆಂಡತಿ ಮಾತ್ರ ಅರ್ಥವಾಗದೆ, "ಹಾಗಾದ್ರೆ ಯಂತ್ರ ಮೊದಲಿನದೇನಾ?" ಎಂದಳು.

"ಅದೇ ಅಮ್ಮಾ, ಅದೇ! ಕೆಲಸ ಕಾಫಿ ಕುಡಿಯೋಷ್ಟು ಹೊತ್ತಿಂದು. ಆದ್ರೆ ತಕ್ಷಣ ಹೊರಗೆ ಬಂದ್ರೆ ಹೊಸ ಯಂತ್ರ ಅಂತ ಅಷ್ಟೊಂದು ತಿಂಗಳ ಬಾಡಿಗೆ ಯಾರು ಕೊಡ್ತಾರೆ? ಅದಕ್ಕೇ ಶನಿವಾರ ಭಾನುವಾರ ಎರಡೂ ದಿನ ಪರದೆ ಹಿಂದೆ ಕೂತಿದ್ವಿ. ಇಸ್ಪೀಟು ಆಡ್ಕೊಂಡು."

ಕೂತಿದ್ವಿ. ಅವಳು ಆ ಮಾತನ್ನು ಕೇಳಿದಳು, ತಲೆಯೆತ್ತಿ ಗಂಡನನ್ನು ನೋಡಿದಳು. ಅವನು ಉಪ್ಪಿನ ಡಬ್ಬಿಯನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದ.

ಆ ಊಟ ವರ್ಷಕ್ಕೊಂದು ಸಲ ನಡೆಯುವಂಥದ್ದು. ವಿಮಾ ಕಚೇರಿಯ ನಿವೃತ್ತ ನೌಕರರೆಲ್ಲ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ಕರೆಯೋಲೆ ಅವಳ ಗಂಡನ ಹೆಸರಿಗೆ ಬರುತ್ತಿತ್ತು, ಕೆಳಗೆ 'ಸಪತ್ನೀಕರಾಗಿ' ಎಂಬ ಒಂದು ಪದ. ಅದೇ ಕಟ್ಟಡದ ಅದೇ ಮೆಟ್ಟಿಲು ಹತ್ತಿ ಅವಳೂ ವರ್ಷಗಟ್ಟಲೆ ಕೆಲಸ ಮಾಡಿದ್ದಳು ಎಂಬುದು ಯಾರಿಗೂ ನೆನಪಿರಲಿಲ್ಲ, ಇದ್ದರೂ ಅದು ಲೆಕ್ಕಕ್ಕಿರಲಿಲ್ಲ. ನಿವೃತ್ತರಾದವರಿಗೆ ಊಟ ಉಂಟು, ಕೆಲಸದಿಂದ ತೆಗೆಸಿಕೊಂಡವರಿಗೆ ಯಾರು ಊಟ ಹಾಕುತ್ತಾರೆ? ಅವಳು ಪ್ರತಿ ವರ್ಷವೂ ಗಂಡನ ಹಿಂದೆ ಬಂದು, ಹೆಂಡಂದಿರ ಸಾಲಿನಲ್ಲಿ ಕೂತು, ಅಡುಗೆ ಚೆನ್ನಾಗಿದೆ ಎಂದು ಹೇಳಿ ಹೋಗುತ್ತಿದ್ದಳು. ಸೂಟ್‌ಕೇಸ್ ಬಂದದ್ದು ಇದೇ ಮೊದಲು. ಈಚೆಗೆ ಮಗಳ ಮನೆಗೆ ಬಂದು ನೆಲೆಸಿದ್ದನಂತೆ, ಕ್ಯಾಷಿಯರನ ಮನೆಯಿಂದ ಎರಡನೇ ಬೀದಿಯಲ್ಲೇ.

ಕಚೇರಿಯಲ್ಲಿ ಅವಳನ್ನು ಎಲ್ಲರೂ ಮಿಂಚು ಎನ್ನುತ್ತಿದ್ದರು. ಬೆರಳು ಹಾಗೆ ಓಡುತ್ತಿತ್ತು. ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಕಂಪ್ಯೂಟರ್ ಎಂದರೆ ಹಜಾರದ ತುಂಬ ಬೀರುಗಳು. ಅದಕ್ಕೆ ಏನು ತಿಳಿಸಬೇಕಾದರೂ ರಟ್ಟಿನ ಕಾರ್ಡಿನಲ್ಲಿ ತೂತು ಕೊರೆದೇ ತಿಳಿಸಬೇಕು. ಒಬ್ಬಳು ಕಾಗದ ನೋಡಿ ಕೀಲಿ ಒತ್ತಿ ತೂತು ಹಾಕುವಳು. ಆಮೇಲೆ ಆ ಕಾಗದವೂ ಆ ಕಾರ್ಡೂ ಪಕ್ಕದ ಕೋಣೆಗೆ ಬರುತ್ತಿದ್ದವು. ಅಲ್ಲಿ ಇನ್ನೊಬ್ಬಳು ಮತ್ತೊಂದು ಯಂತ್ರದ ಮುಂದೆ ಕೂತು ಅದನ್ನೇ ಮೊದಲಿನಿಂದ ಒತ್ತುವಳು. ಇವಳ ಬೆರಳು ಅವಳ ತೂತಿಗೆ ತಾಳೆಯಾಗದಿದ್ದರೆ ಕೆಂಪು ದೀಪ ಹತ್ತಿ ಕೀಲಿ ಬಿಗಿದು ನಿಲ್ಲುತ್ತಿತ್ತು. ಎಲ್ಲ ಸರಿಯಾದರೆ ಕಾರ್ಡಿನ ಅಂಚಿಗೆ ಒಂದು ಸಣ್ಣ ಕಚ್ಚು ಬೀಳುತ್ತಿತ್ತು. ಆ ಕಚ್ಚಿಲ್ಲದ ಕಾರ್ಡು ಕಂಪ್ಯೂಟರಿನ ಹತ್ತಿರ ಸುಳಿಯುವಂತಿರಲಿಲ್ಲ. ಈ ಎರಡನೇ ಕೋಣೆಯವರನ್ನು ತಾಳೆ ಹುಡುಗಿಯರು ಎನ್ನುತ್ತಿದ್ದರು. ಮಿಂಚು ಅವರಲ್ಲೊಬ್ಬಳು. ಅವಳ ಪಕ್ಕದ ಯಂತ್ರ ಗಿಣಿಯದು.

ಗಿಣಿ ಎಂಬ ಹೆಸರು ಯಾಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಕುರ್ಚಿ ಎಳೆದು ಕೂತಾಗ ಶುರುವಾದ ಮಾತು ಸಂಜೆ ಯಂತ್ರಕ್ಕೆ ಹೊದಿಕೆ ಹಾಕುವವರೆಗೂ ನಡೆಯುತ್ತಿತ್ತು. ಬೆರಳು ಒಂದು ಕಡೆ, ಬಾಯಿ ಒಂದು ಕಡೆ. ಒಂದಕ್ಕೊಂದು ಅಡ್ಡ ಬರುತ್ತಿರಲಿಲ್ಲ. ಕೀಲಿಗಳ ಗದ್ದಲದಲ್ಲಿ ಅವಳ ಮಾತು ಅರ್ಧ ಕೇಳುತ್ತಿರಲಿಲ್ಲ, ಆದರೂ ಇಡೀ ಕೋಣೆ ನಗುತ್ತಿತ್ತು. ಆ ಕೋಣೆಗೆ ಇದ್ದದ್ದು ಒಂದು ಕಿಟಕಿ, ಗೊರಗೊರ ಎನ್ನುವ ಒಂದು ಫ್ಯಾನು. ಗಾಜಿನಾಚೆ ಯಂತ್ರದ ಹಜಾರದಲ್ಲಿ ಮಾತ್ರ ಸ್ವೆಟರ್ ಹಾಕಿಕೊಳ್ಳುವಷ್ಟು ತಂಪು. ಯಂತ್ರಕ್ಕೆ ಸೆಕೆ ಆಗಬಾರದು ನೋಡಿ, ಹುಡುಗಿಯರಿಗೆ ಆದರೆ ಆಗಲಿ. ಅವಳ ಗಂಡ ಆ ತಂಪಿನಲ್ಲಿ ಕೆಲಸ ಮಾಡುತ್ತಿದ್ದ ಆಪರೇಟರ್. ಕಾರ್ಡಿನ ತಟ್ಟೆ ತಲುಪಿಸುವ ನೆಪದಲ್ಲಿ ಪರಿಚಯವಾಗಿ, ಮದುವೆಯಾಗಿ, ಇನ್ನೂ ವರ್ಷ ತುಂಬಿರಲಿಲ್ಲ.

ಆಗ ಬಂದದ್ದು ಆ ಶನಿವಾರ. ಕಚೇರಿಗೆ ಹೊಸ ಕಂಪ್ಯೂಟರ್ ಬರುತ್ತದೆ, ಹಳೆಯದರ ಎರಡು ಪಟ್ಟು ವೇಗದ್ದು, ಒಳಗೆ ಯಾರೂ ಬರಕೂಡದು ಎಂದು ಅಪ್ಪಣೆಯಾಯಿತು. ಹುಡುಗಿಯರು ರಜೆಯಿದ್ದರೂ ಬಂದರು. ಒಳ್ಳೆಯ ಬಟ್ಟೆ ಉಟ್ಟು ಬಂದರು. ಲಾರಿಯಿಂದ ಪೆಟ್ಟಿಗೆಗಳು ಇಳಿಯುವುದನ್ನು ನಿಂತು ನೋಡಿದರು, ಎಳೆದ ಪರದೆಯನ್ನು ನೋಡಿದರು, ಒಳಗಿನ ಸದ್ದಿಗೆ ಕಿವಿಗೊಟ್ಟರು. ಸೋಮವಾರ ಪರದೆ ಸರಿದಾಗ ಕಾರ್ಡುಗಳು ನೀರು ಸುರಿದಂತೆ ಓಡುವುದನ್ನು ಕಂಡು ಚಪ್ಪಾಳೆ ತಟ್ಟಿದರು. ಗಿಣಿಯಂತೂ, "ಅಯ್ಯೋ, ಇದಕ್ಕೆ ದೃಷ್ಟಿಯಾಗುತ್ತೆ ಕಣೇ" ಅಂದಿದ್ದಳು. ಹದಿನೈದು ದಿನ ಕಳೆಯುವುದರೊಳಗೆ ತಾಳೆ ಕೋಣೆಯವರಿಗೆಲ್ಲ ಒಂದೊಂದು ಲಕೋಟೆ ಬಂತು. ಹೊಸ ಯಂತ್ರ ತಪ್ಪನ್ನು ತಾನೇ ಹಿಡಿಯುತ್ತದೆ. ಅದರ ಬಾಡಿಗೆಯೂ ಜಾಸ್ತಿ. ಆದ್ದರಿಂದ ನೀವಿನ್ನು ಬೇಡ. ಇಬ್ಬರನ್ನು ಮಾತ್ರ ಉಳಿಸಿಕೊಂಡರು. ಮಿಂಚುವಿಗೆ ಮ್ಯಾನೇಜರ್, "ನಿಮಗೇನಮ್ಮ, ಗಂಡನಿಗೆ ಕೆಲಸ ಇದೆ" ಎಂದ. ಗಿಣಿಗೆ, "ಬಾಯಿ ಕಡಿಮೆ ಇರೋರನ್ನ ಇಟ್ಕೊಂಡಿದ್ದೀವಿ" ಎಂದ.

ಆ ದಿನ ಗಂಡ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ಸಮಾಧಾನ ಮಾಡಿದ್ದ! "ಅಂಥ ಯಂತ್ರದ ಮುಂದೆ ಮನುಷ್ಯರು ಏನು ಮಾಡೋಕಾಗುತ್ತೆ ಹೇಳು" ಎಂದಿದ್ದ. ಅವಳು ಆ ಮಾತನ್ನು ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಮಕ್ಕಳಿಗೆ ಹೇಳಿದಳು, ಮೊಮ್ಮಕ್ಕಳಿಗೆ ಹೇಳಿದಳು. ನಿಮ್ಮಜ್ಜಿಯ ಕೆಲಸ ಹೋದದ್ದು ಸುಮ್ಮನೆ ಅಲ್ಲ, ಎಂಥ ಯಂತ್ರ ಬಂತು ಗೊತ್ತಾ ಅಂತ. ಹೇಳುವಾಗ ಅವಳ ಮುಖದಲ್ಲಿ ಒಂದು ಹೆಮ್ಮೆ ಕೂಡ ಇರುತ್ತಿತ್ತು. ಆಗ ಗಂಡ ಪೇಪರ್ ಓದುತ್ತಾ ಅಲ್ಲೇ ಇರುತ್ತಿದ್ದ.

ಅಲ್ಲೇ ಇರುತ್ತಿದ್ದ! ಕ್ಯಾಷಿಯರನ ಮನೆಯ ಊಟದ ಮೇಜಿನಲ್ಲಿ ಅದು ನೆನಪಾಗಿ ಅವಳಿಗೆ ಮೈಯೆಲ್ಲ ಉರಿಯಿತು. ಇಡೀ ಮೇಜಿನ ನಗು ಹೊಸ ಕಥೆ ಕೇಳಿದವರ ನಗುವಾಗಿರಲಿಲ್ಲ. ಎಲ್ಲಿ ನಗಬೇಕೆಂದು ಗೊತ್ತಿದ್ದವರ ನಗು ಅದು. ಖಾಲಿ ಪೆಟ್ಟಿಗೆ ಕ್ಯಾಷಿಯರನಿಗೆ ಗೊತ್ತು. ಬೆಲ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದವರು ಇಡೀ ಕಚೇರಿಯಲ್ಲಿ ತಾಳೆ ಹುಡುಗಿಯರು ಮಾತ್ರ. ಅವಳು ತಟ್ಟೆಯಲ್ಲಿದ್ದುದನ್ನು ಹಾಗೇ ಬಿಟ್ಟು ಎದ್ದು ಕೈತೊಳೆದಳು. ಕ್ಯಾಷಿಯರನ ಹೆಂಡತಿ, "ಏನೂ ತಿನ್ಲೇ ಇಲ್ಲ ನೀವು" ಎಂದಾಗ, "ಹೊಟ್ಟೆ ತುಂಬಿತು" ಎಂದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಗಂಡ ಎರಡು ಸಲ ಹವೆಯ ವಿಷಯ ತೆಗೆದ, ಒಂದು ಸಲ ಸೂಟ್‌ಕೇಸನ ಮಂಡಿನೋವಿನ ವಿಷಯ. ಮನೆ ತಲುಪಿ, ಬಾಗಿಲು ಹಾಕಿ, ಚಪ್ಪಲಿ ಬಿಡುವ ಮೊದಲೇ ಅವಳು ಕೇಳಿದಳು.

"ಇಸ್ಪೀಟು ಯಾರು ಆಡಿದ್ದು ಒಳಗೆ?"

"ಯಾವ ಇಸ್ಪೀಟು?"

"ರೀ, ನಾಟಕ ಬೇಡ."

ಅವನು ಕುರ್ಚಿಯಲ್ಲಿ ಕೂತ. ಬೂಟಿನ ಲೇಸು ಬಿಚ್ಚಲು ಬಗ್ಗಿ, ಬಗ್ಗಿದ ಹಾಗೇ ಉತ್ತರ ಕೊಟ್ಟ. "ಯಾರಾದ್ರೂ ಒಬ್ಬ ಆಪರೇಟರ್ ಒಳಗಿರ್ಬೇಕು ಅಂತ ಮ್ಯಾನೇಜರೇ ಹೇಳಿದ್ದು. ನನ್ನನ್ನ ನಿಲ್ಲಿಸಿದ್ರು. ನಾನೇನು ಮಾಡ್ಲಿ?"

"ನಾವು ಹೊರಗೆ ನಿಂತಿದ್ವಿ."

"ಗೊತ್ತು."

"ಗೊತ್ತಿತ್ತಾ? ಪರದೆ ಸಂದಿಯಿಂದ ಕಾಣ್ತಿದ್ವಾ ನಾವು?"

ಅವನು ಬಿಚ್ಚಿದ ಲೇಸನ್ನೇ ಮತ್ತೆ ಬಿಚ್ಚತೊಡಗಿದ. ಅಂದರೆ ಕಾಣುತ್ತಿದ್ದರು.

"ಹೇಳಿದ್ರೆ ನನ್ನ ಕೆಲಸಾನೂ ಹೋಗ್ತಿತ್ತು ಕಣೆ" ಎಂದ ಕೊನೆಗೆ. "ಇಬ್ಬರೂ ಮನೇಲಿ ಕೂತು ಗಾಳಿ ತಿನ್ಬೇಕಾಗಿತ್ತು. ಬಾಡಿಗೆ ಮನೆ, ಅಪ್ಪನ ಔಷಧಿ... ನಿಂಗೆ ಎಲ್ಲಾ ಗೊತ್ತಲ್ಲ."

"ಸರಿ. ಆಗ ಹೇಳ್ಬೇಡಿ. ಒಪ್ಕೊಂಡೆ. ಆಮೇಲೆ? ಮಗಳು ಹುಟ್ಟಿದ ಮೇಲೆ? ಆ ಯಂತ್ರಾನ ಗುಜರಿಗೆ ಹಾಕಿದ ಮೇಲೆ? ಆ ಮ್ಯಾನೇಜರ್ ಸತ್ತ ಮೇಲೆ? ನೀವು ರಿಟೈರ್ ಆಗಿ ಹಾರ ಹಾಕಿಸ್ಕೊಂಡು ಬಂದ ಮೇಲೆ? ಆಗ ಯಾರು ಕೆಲಸ ಕಿತ್ಕೋತಿದ್ರು ನಿಮ್ದು?"

"ಅಷ್ಟು ಹೊತ್ತಿಗೆ ಅದೆಲ್ಲ ಹಳೇದಾಗಿತ್ತು. ನಿಂಗೆ ಸುಮ್ನೆ ಬೇಜಾರಾಗುತ್ತೆ ಅಂತ..."

"ನಂಗೆ ಬೇಜಾರಾಗುತ್ತೆ ಅಂತ ನನ್ನೊಬ್ಬಳನ್ನ ಬಿಟ್ಟು ಊರಿಗೆಲ್ಲ ಹೇಳಿ ನಕ್ರಾ?"

ಅವನಿಗೂ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಒಂದು ಹಂತದಲ್ಲಿ ಬರುವ ಸಿಟ್ಟು ಅದು. "ಒಂದು ಬೆಲ್ಟಿಗೆ ಇಷ್ಟೊಂದು ರಂಪ ಮಾಡ್ತೀಯಲ್ಲ, ನಿಂಗೇನು ಕಡಿಮೆ ಮಾಡಿದೀನಿ ನಾನು? ಉಪವಾಸ ಕೆಡವಿದ್ನಾ?" ಎಂದ. ಅವಳು ಒಳಗೆ ಹೋದಳು. ಬಾಯಿ ತೆಗೆದರೆ ಪಕ್ಕದ ಮನೆಗೆ ಕೇಳುತ್ತದೆಂದು.

ಅವಳಿಗೆ ನೆನಪಾಗುತ್ತಿದ್ದದ್ದು ಬೇರೆಯೇ. ತಾಳೆ ಕೋಣೆಗೆ ಬೀಗ ಬಿದ್ದ ಮೇಲೆ ಗಂಡ ದಿನಾ ಸಂಜೆ ಬಂದು ಗೊಣಗುತ್ತಿದ್ದ. ಇವತ್ತು ಸತ್ತವನೊಬ್ಬನಿಗೆ ಕಂತು ಕಟ್ಟು ಅಂತ ನೋಟಿಸ್ ಹೋಯ್ತು; ಇವತ್ತು ಒಬ್ಬ ಮುದುಕಿಗೆ ಎರಡು ವರ್ಷ ವಯಸ್ಸು ಅಂತ ಅಚ್ಚಾಯ್ತು. ಆ ಮಾತು ಕೇಳಿ ಅವಳು, ಪಾಪ, ಅಂಥ ದೊಡ್ಡ ಯಂತ್ರ, ಇವರಿಗಿನ್ನೂ ಪಳಗಿಲ್ಲ ಎಂದು ಮರುಕಪಟ್ಟಿದ್ದಳು. ಯಂತ್ರದ ಮೇಲೆ ಮರುಕ! ತಪ್ಪು ಹಿಡಿಯುವುದು ಅದಕ್ಕೆ ಎಂದೂ ಬಂದೇ ಇರಲಿಲ್ಲ. ತಪ್ಪು ಹಿಡಿಯುತ್ತಿದ್ದವರು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದರು. ಅದನ್ನೆಲ್ಲ ತಿಳಿದೂ ಗಂಡ ಅವಳು ಬಡಿಸಿದ್ದನ್ನು ಉಣ್ಣುತ್ತಾ ಹೌದು ಹೌದು ಎನ್ನುತ್ತಿದ್ದ.

ಅವತ್ತು ರಾತ್ರಿ ಮಗಳು ಫೋನ್ ಮಾಡಿದಾಗ ಅವಳು ಎಲ್ಲ ಹೇಳಿದಳು. ಮಗಳು ಮೊದಲು ಬೆಲ್ಟಿನ ಮಾತಿಗೆ ನಕ್ಕಳು, ಆಮೇಲೆ ತಾಯಿಯ ದನಿ ಕೇಳಿ ನಗು ನಿಲ್ಲಿಸಿ, "ಅಮ್ಮಾ, ಆಗಿ ಒಂದು ಕಾಲ ಆಯ್ತು. ಅಪ್ಪಂಗೆ ಬಿಪಿ ಬೇರೆ. ಬಿಟ್ಹಾಕಮ್ಮಾ" ಎಂದಳು. ಅವಳು ಬಿಟ್ಟುಹಾಕಬಹುದಿತ್ತೇನೋ. ತನ್ನೊಬ್ಬಳದೇ ಆಗಿದ್ದರೆ ಎರಡು ದಿನ ಮುಖ ಗಂಟಿಕ್ಕಿಕೊಂಡು, ಮೂರನೇ ದಿನ ಕಾಫಿ ಲೋಟ ಸ್ವಲ್ಪ ಜೋರಾಗಿ ಕುಕ್ಕಿ, ಅಲ್ಲಿಗೆ ಮುಗಿಸುತ್ತಿದ್ದಳು. ಆದರೆ ಗಿಣಿ ಇದ್ದಳಲ್ಲ.

ಲಕೋಟೆ ಸಿಕ್ಕಿದ ಮೇಲೆ ಗಿಣಿ ಬಾಯಿ ಮುಚ್ಚಿದಳು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಮುಚ್ಚಿದಳು. ಮನೆಯಲ್ಲಿ ಕಾಯಿಲೆಯ ತಾಯಿ, ಓದುತ್ತಿದ್ದ ತಮ್ಮ. ನನ್ನ ಬಾಯಿಂದಲೇ ಇವರ ಅನ್ನಕ್ಕೆ ಕಲ್ಲು ಬಿತ್ತು ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಮಿಂಚುವಿನ ಗಂಡನೇ ಯಾರಿಗೋ ಹೇಳಿ ಬಟ್ಟೆ ಅಂಗಡಿಯೊಂದರಲ್ಲಿ ಅವಳಿಗೆ ಹೊಲಿಗೆ ಕೆಲಸ ಕೊಡಿಸಿದ. ಅಲ್ಲಿ ಮಾಲೀಕ ಅವಳನ್ನು 'ಮೂಗಿ' ಎಂದು ಕರೆಯುತ್ತಿದ್ದ, ಅವಳು ತಲೆಯಾಡಿಸುತ್ತಿದ್ದಳು. ಕೇಳಿದ್ದಕ್ಕೆ ಒಂದು ಪದ, ಬಹಳವಾದರೆ ಎರಡು. ತಮ್ಮ ಓದಿ ದೂರದ ಊರಿನಲ್ಲಿ ನೆಲೆಯಾದ, ತಾಯಿ ಹೋದಳು, ಗಿಣಿ ಮದುವೆಯ ಮಾತನ್ನೂ ಎತ್ತಲಿಲ್ಲ. ಎಂದೋ ಒಮ್ಮೆ ಮಿಂಚು, "ಒಂದು ಮಾತಾದ್ರೂ ಆಡೇ, ನಿನ್ನ ಮಾತು ಕೇಳಿ ಎಷ್ಟು ವರ್ಷ ಆಯ್ತು" ಎಂದದ್ದಕ್ಕೆ, "ಆಡಿದ್ದು ಸಾಕಾಯ್ತಲ್ಲ" ಎಂದಿದ್ದಳು. ಅವತ್ತು ಗಂಡನೂ ಜೊತೆಗಿದ್ದ. ಗಿಣಿ ಕೊಟ್ಟ ಕಾಫಿ ಕುಡಿಯುತ್ತಿದ್ದ.

ಮರುದಿನ ಬೆಳಿಗ್ಗೆ ಗಂಡ ಪೇಪರ್ ಬಿಡಿಸುವ ಹೊತ್ತಿಗೆ ಅವಳು ಸೀರೆ ಬದಲಿಸಿ ನಿಂತಿದ್ದಳು.

"ಏಳಿ. ಗಿಣಿ ಮನೆಗೆ ಹೋಗೋಣ."

ಅವನಿಗೆ ಕೂಡಲೇ ಅರ್ಥವಾಯಿತು. "ನೀನೇ ಹೇಳ್ಬಿಡು ಅವಳಿಗೆ. ಫೋನಲ್ಲಿ."

"ನಾನು ಪರದೆ ಒಳಗೆ ಇರ್ಲಿಲ್ಲ. ಇದ್ದವರು ಹೇಳ್ಬೇಕು."

"ಈ ವಯಸ್ಸಲ್ಲಿ ಅವಳಿಗೆ ಇದೆಲ್ಲ ಯಾಕೆ? ಹೆಂಗೋ ನೆಮ್ಮದಿಯಾಗಿದ್ದಾಳೆ."

"ನೆಮ್ಮದಿಯಾಗಿದ್ದಾಳೆ ಅಂತ ನಿಮ್ಮ ಹತ್ರ ಹೇಳಿದ್ಲಾ? ಅವಳು ಬಾಯಿ ಬಿಟ್ರೆ ತಾನೇ ಹೇಳೋಕೆ?" ಎಂದು ಅವಳು ಅವನ ಕೈಯಿಂದ ಪೇಪರ್ ತೆಗೆದು ಮಡಿಸಿದಳು. "ಅಷ್ಟು ಜನರ ಎದುರು ಕೂತು ನಗೋಕೆ ಬಂತು. ಒಬ್ಬಳ ಎದುರು ಕೂತು ಹೇಳೋಕೆ ಬರಲ್ವಾ? ಏಳಿ."

ಅವನು ಎದ್ದ. ಅಂಗಿಯ ಗುಂಡಿಯನ್ನು ತಪ್ಪು ಕಾಜಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿಕೊಂಡ. ಅವಳು ಸಹಾಯ ಮಾಡಲಿಲ್ಲ.

ಗಿಣಿಯದು ಮಹಡಿಯ ಮೇಲಿನ ಒಂದೂವರೆ ಕೋಣೆ. ಕೆಳಗೆ ಮನೆಯೊಡತಿಯ ಸಂಸಾರ. ಬಾಗಿಲು ತೆರೆದೇ ಇತ್ತು. ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ ಹಾಕಿಕೊಂಡು ಗಿಣಿ ಯಾವುದೋ ಮಗುವಿನ ಶಾಲೆಯ ಲಂಗಕ್ಕೆ ಅಂಚು ಮಡಿಸುತ್ತಿದ್ದಳು. ಇಬ್ಬರನ್ನೂ ಕಂಡು ಎದ್ದು, ಕುರ್ಚಿಯ ಮೇಲಿನ ಬಟ್ಟೆ ತೆಗೆದು, "ಬನ್ನಿ ಭಾವ" ಎಂದಳು. ಗೆಳತಿಯ ಗಂಡನನ್ನು ಅವಳು ಮೊದಲಿನಿಂದಲೂ ಭಾವ ಎಂದೇ ಕರೆಯುತ್ತಿದ್ದಳು. ಬಟ್ಟೆ ಅಂಗಡಿಯ ಕೆಲಸ ಕೊಡಿಸಿದ ಮೇಲೆ ಆ ಕರೆಯಲ್ಲಿ ಇನ್ನಷ್ಟು ಮರ್ಯಾದೆ ಸೇರಿಕೊಂಡಿತ್ತು. ಕಾಫಿಗೆಂದು ಒಳಗೆ ಹೊರಟವಳನ್ನು ಮಿಂಚು ಕೈ ಹಿಡಿದು ಕೂರಿಸಿದಳು.

"ಕಾಫಿ ಆಮೇಲೆ. ಇವರು ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು."

ಗಿಣಿ ಭಾವನ ಕಡೆ ನೋಡಿದಳು. ಅವನು ಕುರ್ಚಿಯ ತುದಿಗೆ ಸರಿದು ಕೂತ.

"ಸೂಟ್‌ಕೇಸ್ ಸಿಕ್ಕಿದ್ದ ನಿನ್ನೆ. ನೆನಪಿದೆಯಾ? ಅವನು ಒಂದು ತಮಾಷೆ..." ಎಂದು ಶುರುಮಾಡಿ, ಬಾಯಿ ತಾನಾಗಿಯೇ ನಗುವಿಗೆ ಹೊರಟದ್ದನ್ನು ಅವನು ಅರ್ಧಕ್ಕೆ ತಡೆದುಕೊಂಡ. ಪಾಪ ಎನ್ನಬೇಕೋ ಏನೋ, ಆ ಕಥೆಯನ್ನು ಅವನು ಇಷ್ಟು ವರ್ಷವೂ ನಗಿಸಲೆಂದೇ ಹೇಳಿದ್ದ, ಅದನ್ನು ಬೇರೆ ಥರ ಹೇಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಮತ್ತೆ ಶುರುಮಾಡಿದ. ಈ ಸಲ ತಡವರಿಸುತ್ತಾ, ಒಂದೊಂದೇ ಮಾತು. ಒಂದು ಶನಿವಾರ. ಎರಡು ಗಾಲಿ. ಬೆಲ್ಟು. ಕಿತ್ತ ವೈರು. ಹೊಸ ಫಲಕ. ಖಾಲಿ ಪೆಟ್ಟಿಗೆ. ನಗುವಿನ ಜಾಗಗಳು ಒಂದೊಂದಾಗಿ ಬಂದು ಸುಮ್ಮನೆ ದಾಟಿಹೋದವು. ಗಿಣಿ ಲಂಗದ ಅಂಚನ್ನು ಬೆರಳಿನಲ್ಲಿ ಮಡಿಸುತ್ತಾ ಕೇಳುತ್ತಿದ್ದಳು. 

"ಯಾವ ಶನಿವಾರ?"

"ಅದೇ... ನೀವೆಲ್ಲ ನೋಡೋಕೆ ಬಂದಿದ್ರಲ್ಲ."

"ನೀವು ಒಳಗಿದ್ರಾ?"

"ಇದ್ದೆ. ಇಸ್ಪೀಟು ಆಡ್ತಿದ್ವಿ. ಪರದೆ ಸಂದಿಯಿಂದ ನೀವೆಲ್ಲ ಕಾಣ್ತಿದ್ರಿ."

"ಹೊಸ ಯಂತ್ರ ಬರ್ಲೇ ಇಲ್ಲ."

"ಇಲ್ಲ."

"ತಪ್ಪು ಹಿಡಿಯೋದು?"

"ಅದಕ್ಕೆ ಬರ್ತಿರ್ಲಿಲ್ಲ. ಬಾಡಿಗೆ ಜಾಸ್ತಿಯಾಗಿತ್ತು, ಎಲ್ಲಾದ್ರೂ ಉಳಿಸ್ಬೇಕಿತ್ತು ಅವರಿಗೆ. ನಿಮ್ಮ ಕೋಣೆ ತೆಗೆದ್ರೆ ಸರಿಹೋಗು‌ತ್ತೆ ಅಂತ ಮೊದಲೇ ತೀರ್ಮಾನ ಆಗಿತ್ತು."

ಗಿಣಿ ಲಂಗವನ್ನು ಯಂತ್ರದ ಮೇಲೆ ಇಟ್ಟಳು. "ಮೊದಲೇನಾ? ನಾವು ಅಲ್ಲಿ ನಿಂತಿದ್ದಾಗ್ಲೇನಾ?"

ಅವನು ತಲೆಯಾಡಿಸಿದ.

"ಹಾಗಾದ್ರೆ ನನ್ನ ಬಾಯಿಗೂ ಅದಕ್ಕೂ ಸಂಬಂಧ ಇರ್ಲಿಲ್ಲ."

ಅವನು ಮತ್ತೆ ತಲೆಯಾಡಿಸಿದ. ಮಿಂಚು ಕಿಟಕಿಯಿಂದ ತಿರುಗಿ, "ಹೇಳಿ. ಅವಳು ಕೇಳ್ತಿದ್ದಾಳೆ" ಎಂದಳು.

"ಇರ್ಲಿಲ್ಲಮ್ಮ" ಎಂದ ಅವನು. "ಏನೂ ಇರ್ಲಿಲ್ಲ."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಹೊಡೆಯುತ್ತಾ ಹೋದರು. ಗಿಣಿ ಎದ್ದು ಒಳಗೆ ಹೋದಳು. ಅಳಲು ಹೋದಳೆಂದು ಮಿಂಚುವಿಗೆ ಅನ್ನಿಸಿತು. ಅವಳ ಗಂಡನಿಗೂ ಹಾಗೇ ಅನ್ನಿಸಿರಬೇಕು, ಎದ್ದು ಹೊರಡಲು ಕುರ್ಚಿಯ ಕೈ ಹಿಡಿದುಕೊಂಡ. ಆದರೆ ಗಿಣಿ ಮುಖ ತೊಳೆದು, ಬೇರೆ ಸೀರೆ ಉಟ್ಟು, ತಲೆ ಬಾಚಿಕೊಳ್ಳುತ್ತಾ ಹೊರಗೆ ಬಂದಳು.

"ಆ ಸೂಟ್‌ಕೇಸ್ ಮನೆ ಎಲ್ಲಿ?"

"ಯಾಕಮ್ಮ?" ಎಂದ ಭಾವ.

"ಎಲ್ಲಿ ಅಂತ ಕೇಳಿದ್ನಲ್ಲ."

"ಮಗಳ ಮನೇಲಿದ್ದಾನೆ. ವಯಸ್ಸಾಗಿದೆ, ಮಂಡಿನೋವು ಬೇರೆ..."

"ಮಂಡಿ ನೋವಾದ್ರೆ ಕಿವಿ ಕೇಳಲ್ವಾ? ನಾನೇನು ಅವನನ್ನ ಓಡೋಕೆ ಹೇಳ್ತೀನಾ? ಕೂತ್ಕೊಂಡೇ ಕೇಳ್ಲಿ!" ಗಿಣಿ ಬಾಗಿಲ ಹಿಂದಿನ ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ, ತೋರಿಸಿ. ನೀವೂ ಬರ್ಬೇಕು ಭಾವ, ಹೌದು, ನೀವೇ ಮುಂದೆ ನಡೀರಿ. ಅಲ್ಲ, ನನಗೊಂದು ಅರ್ಥ ಆಗ್ಲಿಲ್ಲ, ನೀವು ನಮ್ಮನ್ನ ಸಂದಿಯಿಂದ ನೋಡ್ಕೊಂಡು ಹೆಂಗ್ರೀ ಇಸ್ಪೀಟಿನ ಎಲೆ ಹಾಕಿದ್ರಿ? ಯಾರು ಗೆದ್ರಿ? ಅದಾದ್ರೂ ಹೇಳಿ. ನಾನು ಅವತ್ತು ಉಟ್ಟಿದ್ದು ಅಮ್ಮನ ಸೀರೆ, ಗೊತ್ತಾ? ಬೇಡ ಬೇಡ ಅಂದ್ರೂ ಕೇಳದೆ ಪೆಟ್ಟಿಗೆಯಿಂದ ತೆಗೆಸಿ ಉಟ್ಕೊಂಡು ಬಂದಿದ್ದೆ, ಕಂಪ್ಯೂಟರ್ ನೋಡೋಕೆ! ಬರ್ತಾ ದಾರೀಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಆಮೇಲೆ ಅವರ ಮುಖ ನೋಡೋಕಾಗದೆ ಸುತ್ತಿ ಬಳಸಿ ಆ ಹಿಂದಿನ ಬೀದೀಲಿ ಓಡಾಡ್ತಿದ್ದೆ, ಎಷ್ಟು ವರ್ಷ! ನನ್ನ ತಮ್ಮನ ಮದುವೇಲಿ ಎಲ್ಲರೂ ಕೇಳಿದ್ರು, ನಿಮ್ಮಕ್ಕಂಗೆ ಮಾತು ಬರುತ್ತಾ ಅಂತ. ಬರುತ್ತೆ ಅಂತ ಅವನೇ ಹೇಳ್ಬೇಕಾಯ್ತು ನನ್ನ ಪರವಾಗಿ..."

ಮಿಂಚು ಬಾಗಿಲೆಳೆದು ಬೀಗ ಹಾಕಿದಳು. ಮುಂದೆ ಅವಳ ಗಂಡ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ, ಅವನ ಬೆನ್ನ ಹಿಂದೆಯೇ ಗಿಣಿ. ಕೆಳಗಿನ ಮನೆಯಲ್ಲಿ ಕುಕ್ಕರಿನ ಸದ್ದು ನಿಂತು, ಬಾಗಿಲು ತೆರೆಯಿತು. ಮನೆಯೊಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಇದು ಯಾರ ದನಿ ಎಂದು ಮೆಟ್ಟಿಲ ಕಡೆ ಕತ್ತೆತ್ತಿ ನೋಡಿದಳು.